ಹೊನೊಲುಲುವಿನ ಬಿಷಪ್ ಮ್ಯೂಸಿಯಂ: ಹವಾಯಿಯನ್ ಹಾಲ್‌ಗೇ ಹೆಚ್ಚು ಹೊತ್ತು ಕೊಡಿ

ವೈಕಿಕಿ ಬೀಚು, ಪರ್ಲ್ ಹಾರ್ಬರ್ ಎಲ್ಲ ಮುಗಿಸಿ, ಹೊತ್ತು ಉಳಿದರೆ ನೋಡೋಣ ಎಂದು ಬಿಷಪ್ ಮ್ಯೂಸಿಯಮ್ಮನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಹಾಗೆ ಮಾಡಬೇಡಿ. ಪ್ರವಾಸದ ಶುರುವಿನಲ್ಲೇ ಇಲ್ಲಿಗೆ ಬಂದುಹೋದರೆ ಆಮೇಲೆ ದ್ವೀಪದಲ್ಲಿ ಕಾಣುವ ಗದ್ದೆ, ದೋಣಿ, ಹಳೆಯ ದೇವಸ್ಥಾನಗಳ ಕಲ್ಲುಕಟ್ಟೆ ಎಲ್ಲವೂ ಅರ್ಥವಾಗುತ್ತವೆ. ಹವಾಯಿಯನ್ನು ಆಳಿದ ಕಮೆಹಮೆಹ ರಾಜವಂಶದ ಬರ್ನಿಸ್ ಪವಾಹಿಯ ನೆನಪಿಗಾಗಿ ಆಕೆಯ ಗಂಡ ಚಾರ್ಲ್ಸ್ ರೀಡ್ ಬಿಷಪ್ 1889ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ರಾಜಮನೆತನದ ವಸ್ತುಗಳೇ ಸಂಗ್ರಹದ ಬುನಾದಿ.

ವೈಕಿಕಿಯಿಂದ 2ನೇ ನಂಬರ್ ಬಸ್ ಹತ್ತಿ ಸ್ಕೂಲ್ ಸ್ಟ್ರೀಟ್ ಮತ್ತು ಕಪಾಲಮ ಅವೆನ್ಯೂ ಸೇರುವಲ್ಲಿ ಇಳಿಯಿರಿ. ಕಡಲಿನ ದಿಕ್ಕಿಗೆ ನಡೆದು ಬಲಕ್ಕೆ ಬರ್ನಿಸ್ ಸ್ಟ್ರೀಟಿಗೆ ತಿರುಗಿದರೆ ಎಡಗಡೆ ಗೇಟು. ಕಾರಿನಲ್ಲಿ ಬಂದರೆ ಪಾರ್ಕಿಂಗ್‌ಗೆ ಬೇರೆ ದುಡ್ಡು. ಹೊರಗಿನವರಿಗೆ ಟಿಕೆಟ್ ದುಬಾರಿಯೇ, ಆದ್ದರಿಂದ ಗಂಟೆಯಲ್ಲಿ ಓಡಾಡಿ ಬರುವ ಲೆಕ್ಕ ಹಾಕಬೇಡಿ. ಬೆಳಿಗ್ಗೆ 9ಕ್ಕೆ ಒಳಹೊಕ್ಕು ಮಧ್ಯಾಹ್ನದವರೆಗೆ ಇರುವಂತೆ ನೋಡಿಕೊಳ್ಳಿ.

ಮೊದಲು ಹವಾಯಿಯನ್ ಹಾಲ್. ಹೊರಗೆ ಲಾವಾ ಕಲ್ಲಿನ ಗೋಡೆ, ಒಳಗೆ ಕೋವಾ ಮರದ ಗಾಜಿನ ಬೀರುಗಳು, ಸುತ್ತಲೂ ಮೂರು ಅಂತಸ್ತು. ನಡುವೆ 55 ಅಡಿಯ ಸ್ಪರ್ಮ್ ತಿಮಿಂಗಿಲ ತೂಗುತ್ತಿದೆ: ಒಂದು ಕಡೆಯಿಂದ ಮೈ, ಇನ್ನೊಂದು ಕಡೆಯಿಂದ ಬರೀ ಅಸ್ಥಿಪಂಜರ. ಎರಡೂ ಬದಿಯ ಮೊಗಸಾಲೆಗೆ ಹೋಗಿ ನೋಡದಿದ್ದರೆ ಅರ್ಧ ತಿಮಿಂಗಿಲವನ್ನಷ್ಟೇ ನೋಡಿದಂತೆ. ಕೆಳಗಿನಿಂದ ಮೇಲಕ್ಕೇ ಹತ್ತಿ. ಲಿಫ್ಟಿನಲ್ಲಿ ನೇರ ಮೇಲೆ ಹೋಗಿ ಇಳಿಯುತ್ತ ಬಂದರೆ ಕಥೆ ತಲೆಕೆಳಗಾಗುತ್ತದೆ. ನೆಲಮಹಡಿಯಲ್ಲಿ ದೇವರುಗಳು, ಪುರಾಣ. ಕೂ ದೇವರ ದೊಡ್ಡ ಮರದ ವಿಗ್ರಹದ ಮುಂದೆ ನಿಲ್ಲಿ, ಈ ಬಗೆಯ ದೇವಾಲಯ ವಿಗ್ರಹಗಳಲ್ಲಿ ಜಗತ್ತಿನಲ್ಲಿ ಉಳಿದಿರುವುದು ಮೂರೇ. ಎರಡನೆಯ ಅಂತಸ್ತಿನಲ್ಲಿ ಜನಜೀವನ: ಕೆಸುವಿನ ಗಡ್ಡೆ ಜಜ್ಜುವ ಹಲಗೆ, ಮರದ ತೊಗಟೆ ಬಡಿದು ಮಾಡಿದ ಕಾಪಾ ಬಟ್ಟೆ. ಹವಾಯಿಯನ್ನರಿಗೆ ಕೆಸು ಬರೀ ಬೆಳೆಯಲ್ಲ, ಮನುಷ್ಯರಿಗಿಂತ ಮೊದಲು ಹುಟ್ಟಿದ ಅಣ್ಣ. ಮೇಲಿನ ಅಂತಸ್ತಿನಲ್ಲಿ ಅರಸೊತ್ತಿಗೆ, 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದ ಕಥೆಯೂ ಸೇರಿ.

ಇಲ್ಲಿನ ಗರಿಯ ಮೇಲುಹೊದಿಕೆಗಳಿಗೆ ಸಾಟಿಯಿಲ್ಲ. 1779ರಲ್ಲಿ ಕಲಾನಿಓಪುಉ ಎಂಬ ಅರಸ ತಾನು ಹೊದ್ದಿದ್ದನ್ನೇ ತೆಗೆದು ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹೆಗಲಿಗೆ ಹಾಕಿದ. ಅದು ಇಂಗ್ಲೆಂಡ್, ನ್ಯೂಜಿಲೆಂಡ್ ಸುತ್ತಿ 2016ರಲ್ಲಿ ಇಲ್ಲಿಗೆ ಬಂತು, 2020ರಲ್ಲಿ ಖಾಯಂ ಆಯಿತು. ಸುಮಾರು 20,000 ಹಕ್ಕಿಗಳ 40 ಲಕ್ಷ ಗರಿಗಳು! ಗಾಜಿನ ಹತ್ತಿರ ಬಾಗಿ ನೋಡಿ: ಓಲೊನಾ ಎಂಬ ಗಿಡದ ನಾರಿನ ಸಣ್ಣ ಬಲೆಗೆ ಗರಿಗಳನ್ನು ಪುಟ್ಟ ಪುಟ್ಟ ಗೊಂಚಲಾಗಿ ಕಟ್ಟಿ, ಸಾಲಿನ ಮೇಲೆ ಸಾಲು ಹೊದಿಸಿದ್ದಾರೆ. ಕೆಂಪು ಗರಿ ಈಈವಿ ಹಕ್ಕಿಯದು, ಅದು ಇನ್ನೂ ಬದುಕಿದೆ, ಸೊಳ್ಳೆ ಹರಡುವ ಹಕ್ಕಿ ಮಲೇರಿಯಾಕ್ಕೆ ಬಲಿಯಾಗುತ್ತ ಕಾಡಿನ ಎತ್ತರಕ್ಕೆ ಸರಿಯುತ್ತಿದೆ. ಹಳದಿ ಗರಿ ಕೊಟ್ಟ ಓಓ ಹಕ್ಕಿ ಈಗಿಲ್ಲ. ಬೆಳಕು ತಗುಲಿದರೆ ಗರಿ, ಕಾಪಾ ಎರಡೂ ಕೆಡುವುದರಿಂದ ದೀಪ ಮಂದವಾಗಿರುತ್ತದೆ. ಓದುವ ಕನ್ನಡಕ ಮರೆಯಬೇಡಿ, ಫ್ಲ್ಯಾಶ್ ಹಾಕಬೇಡಿ. ಇಂಥ ವಸ್ತುಗಳಿಗೆ ಬೆಳಕಿನಿಂದ ಬಿಡುವು ಬೇಕಾಗುತ್ತದೆ, ಹಾಗಾಗಿ ನೀವು ಹೋದ ದಿನ ಯಾವುದು ಪ್ರದರ್ಶನದಲ್ಲಿದೆ ಎಂದು ಕೌಂಟರಿನಲ್ಲಿ ಕೇಳಿ.

ಪಕ್ಕದ ಪೆಸಿಫಿಕ್ ಹಾಲ್‌ನಲ್ಲಿ ಉಳಿದ ದ್ವೀಪಗಳ ವಸ್ತುಗಳು, ವಲಸೆಯ ಚರಿತ್ರೆ ಇವೆ. ತಾರಾಲಯಕ್ಕೆ ಪ್ರತ್ಯೇಕ ಟಿಕೆಟ್, ಬಂದ ಕೂಡಲೇ ತೆಗೆದುಕೊಳ್ಳಿ. ಸಿಂಧ್ ಮೂಲದ ವ್ಯಾಪಾರಿ ವಾಟುಮುಲ್ ಅವರ ಹೆಸರಿನದು ಇದು. 1980ರಲ್ಲಿ ದಿಕ್ಸೂಚಿಯಂಥ ಉಪಕರಣಗಳಿಲ್ಲದೆ ಹೋಕುಲೆಅ ಎಂಬ ಹಾಯಿದೋಣಿಯನ್ನು ತಹಿತಿ ದ್ವೀಪಕ್ಕೆ ಮುಟ್ಟಿಸಿದ ಹವಾಯಿಯನ್ ನಾವಿಕ ನೈನೋವಾ ಥಾಂಪ್ಸನ್ ನಕ್ಷತ್ರಗಳ ಉದಯಾಸ್ತವನ್ನು ಅಭ್ಯಾಸ ಮಾಡಿದ್ದು ಇಲ್ಲೇ. ಹಾಗಾಗಿ ಆಯ್ಕೆಯಿದ್ದರೆ ಸಮುದ್ರಯಾನದ ಪ್ರದರ್ಶನಕ್ಕೇ ಹೋಗಿ.

ಮಕ್ಕಳಿದ್ದರೆ ಸೈನ್ಸ್ ಅಡ್ವೆಂಚರ್ ಸೆಂಟರನ್ನು ಕೊನೆಗೆ ಇಡಿ. ಕಲ್ಲು ಕರಗಿಸಿ ಲಾವಾ ಹರಿಸಿ ತೋರಿಸುವುದು ನಿಗದಿತ ಹೊತ್ತಿಗೆ ಮಾತ್ರ. ಅಲ್ಲಿಗೇ ಮೊದಲು ಹೋದರೆ ಮಕ್ಕಳು ಮತ್ತೆ ಹಾಲ್‌ಗೆ ಬರುವುದಿಲ್ಲ. ಕಟ್ಟಡಗಳ ನಡುವೆ ಬಿಸಿಲಲ್ಲಿ ನಡೆಯಬೇಕು, ಟೋಪಿ ಇರಲಿ.

ಸಸ್ಯಾಹಾರಿಗಳು ಹವಾಯಿಯನ್ ಊಟ ಮಾಡುವಾಗ ಲಾವ್‌ಲಾವ್ ಬಗ್ಗೆ ಎಚ್ಚರವಿರಲಿ. ಮೇಲೆ ಕಾಣುವುದು ನಮ್ಮ ಪತ್ರೊಡೆಯ ಕೆಸುವಿನೆಲೆಯೇ, ಒಳಗಿರುವುದು ಸಾಮಾನ್ಯವಾಗಿ ಹಂದಿಮಾಂಸ. ಪೋಯ್ ಮಾತ್ರ ಕೆಸುವಿನ ಗಡ್ಡೆ ಮತ್ತು ನೀರು, ಧೈರ್ಯವಾಗಿ ತಿನ್ನಬಹುದು.