ಬುನಾಹಾವನ್ 12: ಕೊಟ್ಟ ದುಡ್ಡು ಗ್ಲಾಸಿನಲ್ಲೇ ಕಾಣುತ್ತದೆ

ಐಲಾ ದ್ವೀಪದ ವಿಸ್ಕಿ ಅಂದ ತಕ್ಷಣ ಹೊಗೆ ನೆನಪಾಗುತ್ತದೆ, ಅಲ್ವಾ? ಬುನಾಹಾವನ್ ಕೂಡ ಅದೇ ಸ್ಕಾಟಿಷ್ ದ್ವೀಪದ್ದು. 1881ರಲ್ಲಿ ಶುರುವಾದ ಡಿಸ್ಟಿಲರಿ. ಆದರೆ ಈ 12 ವರ್ಷದ ಬಾಟಲಿಯಲ್ಲಿ ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಮಣ್ಣಿನಂಥ ಇಂಧನ) ಹೊಗೆ ಹಿಡಿಸದ ಬಾರ್ಲಿಯಿಂದ ಮಾಡಿದ್ದು, ಬೋರ್ಬನ್ ಅನ್ನುವ ಅಮೆರಿಕದ ವಿಸ್ಕಿ ಮತ್ತು ಶೆರ್ರಿ ಅನ್ನುವ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಗಳಲ್ಲಿ ಮಾಗಿದ್ದು. ಲೇಬಲ್ ಮೇಲಿನ ಉದ್ದ ಹೆಸರು ಓದಲು ಕಷ್ಟ, ಬುನಾಹಾವನ್ ಅಂದರೆ ಸಾಕು.

ನಾನು ಯಾವ ಬಾಟಲಿಯನ್ನೂ ಮೊದಲ ಗ್ಲಾಸಿನಲ್ಲಿ ಅಳೆಯುವುದಿಲ್ಲ. ಮುಚ್ಚಳ ತೆಗೆದ ದಿನ ಇದು ಸ್ವಲ್ಪ ಬಿಗಿಯಾಗಿತ್ತು. ಮೂಗಿಗೆ ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಅಷ್ಟೇ. ಎರಡು ವಾರ ಬಿಟ್ಟು, ಬಾಟಲಿಯೊಳಗೆ ಒಂದಿಷ್ಟು ಗಾಳಿ ಸೇರಿದ ಮೇಲೆ ಮತ್ತೆ ಸುರಿದುಕೊಂಡು ಹತ್ತು ನಿಮಿಷ ಸುಮ್ನೆ ಇಟ್ಟೆ. ಆಗ ಅಕ್ರೋಟು ಬಂತು, ಹಳೇ ಮರದ ವಾಸನೆ ಬಂತು, ಎಲ್ಲದರ ಹಿಂದೆ ಕಡಲ ಗಾಳಿಯಂಥ ಉಪ್ಪು. ಬಾಯಲ್ಲಿ ಎಣ್ಣೆಯ ಹಾಗೆ ಜಾರುತ್ತದೆ. ಮೊದಲು ಸಿಹಿ, ಆಮೇಲೆ ಆ ಉಪ್ಪು ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಎರಡನೇ ಗುಟುಕಿಗೂ ಬೇಸರವಾಗುವುದಿಲ್ಲ. ನಾಲ್ಕೈದು ಹನಿ ನೀರು ಹಾಕಿದರೆ ಹಣ್ಣಿನ ವಾಸನೆ ಇನ್ನೂ ಬಿಚ್ಚಿಕೊಳ್ಳುತ್ತದೆ. ನುಂಗಿದ ಮೇಲೆ ಕೊನೆಯಲ್ಲಿ ಒಂದಿಷ್ಟು ಒಗರು ಉಳಿಯುತ್ತದೆ, ಅದು ಎಲ್ಲರಿಗೂ ಹಿಡಿಸಲಿಕ್ಕಿಲ್ಲ, ನನಗೆ ಇಷ್ಟ.

ಈಗ ದುಡ್ಡಿನ ಮಾತು. ಮಧ್ಯಮ ಬೆಲೆಯ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) ತಗೊಳ್ಳುವಾಗ ನಾವು ವಯಸ್ಸು ನೋಡುತ್ತೇವೆ, ಡಬ್ಬಿಯ ಅಂದ ನೋಡುತ್ತೇವೆ, ಲೇಬಲ್ಲಿನ ಮೂಲೆಯಲ್ಲಿರುವ ಆಲ್ಕೋಹಾಲಿನ ಶೇಕಡಾ ಅಂಕಿಯನ್ನು ನೋಡುವುದೇ ಇಲ್ಲ. ಸ್ಕಾಚ್ ಅನ್ನಿಸಿಕೊಳ್ಳಲು ಕನಿಷ್ಠ 40 ಸಾಕು. ಎಷ್ಟೋ ಬಾಟಲಿಗಳು ಅಲ್ಲಿಗೇ ನಿಲ್ಲುತ್ತವೆ. ಇದು 46.3. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ: ಈ 700 ಎಂಎಲ್ ವಿಸ್ಕಿಯನ್ನು 40ಕ್ಕೆ ಇಳಿಸಬೇಕಾದರೆ ಸುಮಾರು 110 ಎಂಎಲ್ ನೀರು ಬೆರೆಸಬೇಕು. ಅಂದರೆ 40ರ ಬಾಟಲಿಯಲ್ಲಿ ನೀವು ದುಡ್ಡು ಕೊಟ್ಟು ತರುವ ಅಷ್ಟು ನೀರು ಇದರಲ್ಲಿ ಇಲ್ಲ. ಬೇಕಾದಷ್ಟು ನೀವೇ ಹಾಕಿಕೊಳ್ಳಬಹುದು.

ಇನ್ನೊಂದು ವಿಷಯ, ಚಿಲ್ ಫಿಲ್ಟರಿಂಗ್. ಐಸ್ ಅಥವಾ ನೀರು ಬಿದ್ದಾಗ ವಿಸ್ಕಿ ಮಬ್ಬಾಗಬಾರದು ಎಂದು ಅದನ್ನು ಮೊದಲೇ ತಣ್ಣಗೆ ಮಾಡಿ ಸೋಸುತ್ತಾರೆ. ಜಿಡ್ಡಿನ ಅಂಶ ಆಗ ಹೋಗುತ್ತದೆ. ನೋಡಲು ಚೆನ್ನ, ಆದರೆ ಬಾಯಿ ತುಂಬುವ ಆ ದಪ್ಪ ಬರುವುದೇ ಆ ಜಿಡ್ಡಿನಿಂದ! ಬುನಾಹಾವನ್‌ನವರು 2010ರಲ್ಲಿ ಈ ಸೋಸುವಿಕೆ ಬಿಟ್ಟು, ಶೇಕಡಾವನ್ನೂ 46.3ಕ್ಕೆ ಏರಿಸಿದರು. ಬಣ್ಣಕ್ಕೆ ಕ್ಯಾರಮೆಲ್ ಕೂಡ ಹಾಕುವುದಿಲ್ಲ. ಗ್ಲಾಸಿನಲ್ಲಿ ಕಾಣುವ ಬಣ್ಣ ಪೀಪಾಯಿಯದ್ದೇ. ಬಾಟಲಿ ಮಾತ್ರ ಕಡುಕಪ್ಪು, ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಬೇಕು.

ಹೊಗೆಯೇ ಬೇಕು ಅನ್ನುವವರು ಇದನ್ನು ತಗೊಳ್ಳಬೇಡಿ, ನಿರಾಸೆಯಾಗುತ್ತದೆ. ಉಳಿದವರು ಅಂಗಡಿಯಲ್ಲಿ ಅದೇ ವಯಸ್ಸಿನ 40ರ ಬಾಟಲಿಯ ಬೆಲೆಯನ್ನು ಇದರ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಇದು ಅದಕ್ಕಿಂತ ನೂರಕ್ಕೆ ಹದಿನೈದರಷ್ಟು ಜಾಸ್ತಿ ಇದ್ದರೂ ಲೆಕ್ಕ ಸಮವಾಗುತ್ತದೆ. ಅದಕ್ಕಿಂತ ಕಡಿಮೆಗೆ ಸಿಕ್ಕರೆ ನಾನಂತೂ ಎರಡು ತಗೊಳ್ಳುತ್ತೇನೆ.