ರಾತ್ರಿ ನೆಲದ ಮೇಲೆ: ಬೀಕನ್ ಸಾಕಾ, ಸ್ಟ್ರೋಬ್ ಬೇಕಾ?

ರಾತ್ರಿ ಹಾರಾಟ ಕಲಿಯಲು ಶುರು ಮಾಡಿದವರು "ಎಲ್ಲ ಲೈಟೂ ಹಾಕಿಬಿಟ್ಟರೆ ಸೇಫ್ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ವಿಮಾನ ಎಲ್ಲಿದೆ ಅನ್ನುವುದು ಮುಖ್ಯ.

ಕೆಂಪು ಬೀಕನ್ (ವಿಮಾನದ ಮೈಮೇಲೆ ಮಿನುಗುವ ದೀಪ) ಹೊತ್ತಿದೆ ಅಂದರೆ ಎಂಜಿನ್ ಓಡುತ್ತಿದೆ ಅಥವಾ ಈಗ ಶುರುವಾಗುತ್ತದೆ, ದೂರ ಇರಿ ಅಂತ. ಸ್ಟಾರ್ಟ್ ಮಾಡುವ ಮೊದಲೇ ಹಾಕಿ, ಎಂಜಿನ್ ಪೂರ್ತಿ ನಿಂತ ಮೇಲೆ ಆರಿಸಿ. ರೆಕ್ಕೆ ತುದಿಯಲ್ಲಿ ಜೋರಾಗಿ ಮಿಂಚುವ ಬಿಳಿ ದೀಪ, ಸ್ಟ್ರೋಬ್, ಹಾಗಲ್ಲ. ಏಪ್ರನ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸುವ ಜಾಗದಲ್ಲಿ, ಅದನ್ನು ಹಾಕಿದರೆ ಚಾಕ್ (ಚಕ್ರಕ್ಕೆ ಕೊಡುವ ತಡೆ) ಹಿಡಿದು ನಿಂತವರ ಕಣ್ಣು ಕುಕ್ಕುತ್ತದೆ, ಕತ್ತಲಿಗೆ ಒಗ್ಗಿದ ಕಣ್ಣು ಮತ್ತೆ ಸರಿಹೋಗಲು ಹೊತ್ತು ಬೇಕು, ಅಷ್ಟರಲ್ಲಿ ತಿರುಗುವ ಪ್ರೊಪೆಲ್ಲರ್ ಅವರಿಗೆ ಕಾಣದೇ ಹೋಗಬಹುದು. ಅಲ್ಲಿ ಬೀಕನ್ನೇ ಸಾಕು.

ರನ್‌ವೇಗೆ ಕಾಲಿಟ್ಟ ಕೂಡಲೇ ಲೆಕ್ಕ ಉಲ್ಟಾ. 1991ರ ಫೆಬ್ರವರಿ 1ರಂದು, ಕತ್ತಲಾದ ಮೇಲೆ, ಲಾಸ್ ಏಂಜಲೀಸ್‌ನಲ್ಲಿ ಸ್ಕೈವೆಸ್ಟ್‌ನ ಪುಟ್ಟ ಮೆಟ್ರೋಲೈನರ್ ವಿಮಾನ ರನ್‌ವೇ ಮೇಲೆ ಟೇಕಾಫ್‌ಗೆ ಕಾಯುತ್ತಿತ್ತು. ಅದೇ ರನ್‌ವೇಗೆ ಯುಎಸ್‌ಏರ್‌ನ ಬೋಯಿಂಗ್ 737ಕ್ಕೆ ಇಳಿಯಲು ಅನುಮತಿ ಸಿಕ್ಕಿಬಿಟ್ಟಿತು. ಹಿಂದಿನಿಂದ ನೋಡಿದರೆ ಪುಟ್ಟ ವಿಮಾನದ ದೀಪಗಳು ರನ್‌ವೇ ದೀಪಗಳ ಸಾಲಿನಲ್ಲೇ ಬೆರೆತುಹೋಗುತ್ತವೆ. ಡಿಕ್ಕಿಯಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೇ ರನ್‌ವೇ ದಾಟುವಾಗ, ಅದರ ಮೇಲೆ ಕಾಯುವಾಗ ಸ್ಟ್ರೋಬ್ ಹಾಕಲೇಬೇಕು ಅಂತ ನಾನು ಹೇಳುತ್ತೇನೆ.

ಟ್ಯಾಕ್ಸಿ ಲೈಟ್, ಲ್ಯಾಂಡಿಂಗ್ ಲೈಟ್ ನಡುವಿನ ಆಯ್ಕೆ ಸುಲಭ. ಮೊದಲನೆಯದು ನೆಲದ ಮೇಲೆ ಚಲಿಸುವಾಗ. ಎರಡನೆಯದನ್ನು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಸಲಹೆಯಂತೆ ಟೇಕಾಫ್ ಅನುಮತಿ ಸಿಕ್ಕ ಮೇಲೆ ಹಾಕಿ, ಆಗ ನೀವು ಹೊರಟಿರಿ ಅಂತ ಉಳಿದವರಿಗೂ ಗೊತ್ತಾಗುತ್ತದೆ. ಎದುರಿಗೆ ಇನ್ನೊಂದು ವಿಮಾನ ಇದ್ದು ನೀವು ಸುಮ್ನೆ ನಿಂತಿದ್ದರೆ ಟ್ಯಾಕ್ಸಿ ಲೈಟ್ ಆರಿಸಿ.