ಬಾಚಣಿಗೆ, ಚೂಯಿಂಗ್ ಗಮ್ ಮತ್ತು ಒಂದು ಮರಿ ಡ್ರಾಗನ್

ರೂತ್ ಸ್ಟೈಲ್ಸ್ ಗ್ಯಾನೆಟ್ ಅವರ ‘ಮೈ ಫಾದರ್ಸ್ ಡ್ರಾಗನ್’ 1948ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ, ಮರುವರ್ಷವೇ ನ್ಯೂಬೆರಿ ಆನರ್ ಮನ್ನಣೆ ಪಡೆದ ಮಕ್ಕಳ ಕಾದಂಬರಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಕೊಂಡು ತಂದ ಪ್ರತಿಯನ್ನು ನಮ್ಮ ಮನೆಯ ಏಳು ವರ್ಷದ ಹುಡುಗಿಗೆ ಕನ್ನಡದಲ್ಲೇ ಹೇಳುತ್ತಾ ಓದಿದೆ. ಹತ್ತೇ ಚಿಕ್ಕ ಅಧ್ಯಾಯಗಳಿರುವುದರಿಂದ ಇದು ಸುಲಭವಾಗಿ ಸಾಗುತ್ತದೆ.

ಎಲ್ಮರ್ ಎಂಬ ಹುಡುಗ ಮಳೆಯ ದಿನ ಮುದಿ ಬೀದಿಬೆಕ್ಕೊಂದನ್ನು ಮನೆಗೆ ಕರೆತಂದು ಹಾಲು ಹಾಕಲು ಹೊರಡುತ್ತಾನೆ. ಒಂದಕ್ಕೆ ಹಾಕಿದರೆ ಊರಿನ ಬೆಕ್ಕುಗಳೆಲ್ಲ ಬಂದು ಸೇರುತ್ತವೆ ಎಂಬುದು ಅವನ ತಾಯಿಯ ಆಕ್ಷೇಪ. (ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಸಭೆಗೆ ಹೋದವರಿಗೆ ಈ ವಾದ ಹೊಸದೇನಲ್ಲ.) ಮೋಡದಿಂದ ಬಿದ್ದ ಮರಿ ಡ್ರಾಗನ್ ಒಂದನ್ನು ವೈಲ್ಡ್ ಐಲೆಂಡ್ ಎಂಬ ದ್ವೀಪದ ಪ್ರಾಣಿಗಳು ಹಗ್ಗದಲ್ಲಿ ಕಟ್ಟಿಹಾಕಿ, ನದಿ ದಾಟಲು ದುಡಿಸಿಕೊಳ್ಳುತ್ತಿರುವ ಸಂಗತಿಯನ್ನು ಆ ಬೆಕ್ಕೇ ತಿಳಿಸುತ್ತದೆ. ಅದನ್ನು ಬಿಡಿಸಲು ಹುಡುಗ ಹಡಗಿನಲ್ಲಿ ಅಡಗಿ ಕುಳಿತು ಪ್ರಯಾಣ ಹೊರಡುತ್ತಾನೆ.

ಅವನ ಬಳಿ ಮಂತ್ರದಂಡವಿಲ್ಲ, ವರವೂ ಇಲ್ಲ. ಚೀಲದಲ್ಲಿ ಚೂಯಿಂಗ್ ಗಮ್, ಲಾಲಿಪಾಪ್, ರಬ್ಬರ್ ಬ್ಯಾಂಡ್, ಭೂತಗನ್ನಡಿ, ಬಾಚಣಿಗೆ, ರಿಬ್ಬನ್‌ಗಳಿವೆ. ಪುಸ್ತಕದ ಸೊಗಸೆಲ್ಲ ಇಲ್ಲಿದೆ. ಮುಳ್ಳುಕಡ್ಡಿಗಳು ಸಿಕ್ಕಿ ಕೇಸರವೆಲ್ಲ ಗಂಟಾಗಿರುವ ಸಿಂಹವೊಂದು, ಅಮ್ಮ ನೋಡಿದರೆ ಕೈಖರ್ಚಿನ ಹಣ ನಿಲ್ಲಿಸಿಬಿಡುತ್ತಾಳೆಂಬ ಚಿಂತೆಯಲ್ಲಿ, ಎದುರಿಗೆ ಬಂದ ಹುಡುಗನನ್ನು ತಿನ್ನಲು ಸಿದ್ಧವಾಗುತ್ತದೆ. ಕಣ್ಣಿಗೆ ಕಾಣುವ ಜಾಗದಿಂದ ಆರಂಭಿಸುವುದು ಒಳ್ಳೆಯದೆಂದು ಎಲ್ಮರ್ ಅದರ ಹಣೆಯ ಮೇಲಿನ ಕೂದಲನ್ನು ಬಿಡಿಸಿ, ಜಡೆ ಹೆಣೆದು, ರಿಬ್ಬನ್ ಕಟ್ಟಿ ತೋರಿಸುತ್ತಾನೆ. ಉಳಿದದ್ದನ್ನು ತಾನೇ ಹೆಣೆದುಕೊಳ್ಳುವುದರಲ್ಲಿ ಮುಳುಗಿದ ಸಿಂಹಕ್ಕೆ ಅವನು ಜಾರಿಕೊಂಡದ್ದೇ ತಿಳಿಯುವುದಿಲ್ಲ. ಇಷ್ಟಾದ ಮೇಲೆ ಮುಂದಿನ ಪ್ರಾಣಿಗೆ ಚೀಲದಿಂದ ಏನು ಹೊರಬರುತ್ತದೆಂದು ಮಗು ತಾನಾಗಿ ಊಹಿಸತೊಡಗುತ್ತದೆ.

ಚಿತ್ರಗಳು ಲೇಖಕಿಯ ಮಲತಾಯಿ ರೂತ್ ಕ್ರಿಸ್‌ಮನ್ ಗ್ಯಾನೆಟ್ ಅವರವು. ಅವು ಕಪ್ಪು-ಬಿಳುಪಿನವಾದರೂ ಮೃದುವಾದ ನೆರಳು-ಬೆಳಕಿನಿಂದ ತುಂಬಿವೆ. ಬಾಲಕ್ಕೆ ಕಟ್ಟಿದ ಲಾಲಿಪಾಪನ್ನು ಹಿಂದಿನದು ನೆಕ್ಕುವಂತೆ ಸಾಲುಗಟ್ಟಿ ಸೇತುವೆಯಾದ ಮೊಸಳೆಗಳ ಚಿತ್ರವನ್ನು ಬಿಟ್ಟು ಪುಟ ತಿರುಗಿಸಲು ನಮ್ಮ ಹುಡುಗಿ ಒಪ್ಪಲಿಲ್ಲ. ದ್ವೀಪಗಳ ನಕ್ಷೆಯೂ ಇದೆ.

ಆದರೆ ಹೆಸರಿನಲ್ಲೇ ಇರುವ ಡ್ರಾಗನ್ ಪ್ರತ್ಯಕ್ಷವಾಗುವುದು ಕೊನೆಯ ಅಧ್ಯಾಯದಲ್ಲಿ. ಹಗ್ಗ ಕತ್ತರಿಸಿ ಹಾರಿಹೋಗುವಷ್ಟರಲ್ಲಿ ಕಥೆಯೇ ಮುಗಿಯುವುದರಿಂದ, ಹುಡುಗನಿಗೂ ಅದಕ್ಕೂ ಗೆಳೆತನ ಬೆಳೆಯಲು ಅವಕಾಶವೇ ಸಿಗುವುದಿಲ್ಲ. ಆ ಮಟ್ಟಿಗೆ ಬೀದಿಬೆಕ್ಕೇ ನಿಜವಾದ ಸ್ನೇಹಿತ, ಅದನ್ನು ಲೇಖಕಿ ಬೇಗನೆ ಕೈಬಿಟ್ಟದ್ದು ನನಗೆ ಸರಿಕಾಣಲಿಲ್ಲ. ತಾಯಿ ಮಗನನ್ನು ಹೊಡೆಯುವ ಪ್ರಸಂಗವನ್ನು ಲಘುವಾಗಿ ದಾಟಿಸಿರುವುದಕ್ಕೂ ಇಂದಿನ ಪೋಷಕರು ಸಿದ್ಧರಿರಬೇಕು. ಗೆಳೆತನದ ಕೊರತೆಯನ್ನು 1950 ಮತ್ತು 1951ರಲ್ಲಿ ಬಂದ ಎರಡು ಮುಂದುವರಿದ ಭಾಗಗಳು ಬಹುಮಟ್ಟಿಗೆ ತುಂಬುತ್ತವೆ. ಮೂರೂ ಕಥೆಗಳಿರುವ ಒಂದೇ ಸಂಪುಟವೂ ಬಂದಿದೆ. ಕೊಳ್ಳುವವರು ಅದನ್ನೇ ಕೇಳಿ ತರಿಸಿಕೊಳ್ಳುವುದು ಒಳ್ಳೆಯದು.